ಕೈಪಿಡಿಯ ಒಂದು ಸಾಲು

ಎಐ ಪರೀಕ್ಷಕ ಕಂಪ್ಯೂಟರಿನಲ್ಲಿ ಆ್ಯಪ್ ನಡೆಸಿ ನೋಡುವಾಗ ಆ ಆ್ಯಪಿನ ಸ್ಕ್ರೀನ್‌ಶಾಟ್ ಮಾತ್ರ ತೆಗೆಯುತ್ತದೆ ಎಂದು ಕೈಪಿಡಿಯಲ್ಲಿ ಬರೆದವಳು ಕಾತ್ಯಾಯಿನಿಯೇ. ಅದನ್ನೇ ನಂಬಿ, ಪರೀಕ್ಷೆ ನಡೆಯುತ್ತಿದ್ದಾಗ ಅದೇ ಕಂಪ್ಯೂಟರಿನಲ್ಲಿ ಬೇರೆ ಕಂಪನಿಗೆ ಕೆಲಸದ ಅರ್ಜಿ ಬರೆಯುತ್ತ ಕೂತಿದ್ದಳು.

ಮ್ಯಾನೇಜರ್ ಅವಳನ್ನು ಒಳಗೆ ಕರೆದು ಬಾಗಿಲು ಹಾಕಿದರು.

"ಎಐ ವರದಿ ಬಂದಿದೆ, ಓದ್ತೀನಿ ಕೇಳಮ್ಮ. 'ಸೇವ್ ಬಟನ್ ಕಾಣುತ್ತಿಲ್ಲ. ಅದರ ಮೇಲೆ ಯಾರದೋ ಕೆಲಸದ ಅರ್ಜಿ ಇದೆ.'"

ಅವಳಿಗೆ ಆ ಕೆಲಸ ಇನ್ನೂ ಸಿಕ್ಕಿರಲಿಲ್ಲ. ಇದೂ ಹೋದರೆ ಮನೆಯಲ್ಲಿ ದುಡಿಯುವವರು ಬೇರೆ ಇಲ್ಲ.

"ಸರ್, ಅದು ಪೂರ್ತಿ ಸ್ಕ್ರೀನಿನ ಚಿತ್ರ ತೆಗೆಯುತ್ತೆ ಅಂತ ನಂಗೆ ಗೊತ್ತಿರ್ಲಿಲ್ಲ."

"ನಂಗೂ ಗೊತ್ತಿರ್ಲಿಲ್ಲಮ್ಮ." ಅವರು ದನಿ ತಗ್ಗಿಸಿದರು. "ಮೊನ್ನೆ ನನ್ನ ಕಂಪ್ಯೂಟರಲ್ಲೂ ಪರೀಕ್ಷೆ ಓಡಿಸಿದ್ಯಲ್ಲ, ಆ ಚಿತ್ರಗಳನ್ನ ಯಾರ್ಯಾರು ನೋಡಿದ್ದಾರೆ?"