ಏಳು ಲಿವರಿನ ಬೀಗ

ಬೀಗ ರಿಪೇರಿಯ ಯಜಮಾನರು ಅಂಗಡಿಯ ಶಟರ್ ಎಳೆಯಬೇಕು ಅನ್ನುವಷ್ಟರಲ್ಲಿ ಮೇಲಿನ ಮನೆಯ ಬಾಡಿಗೆದಾರ ಎದುರಿಗೆ ಬಂದು ನಿಂತ. ವರ್ಷದಿಂದ ಇವರ ಕಣ್ಣು ತಪ್ಪಿಸಿ ಮೆಟ್ಟಿಲು ಹತ್ತಿ ಇಳಿಯುತ್ತಿದ್ದ ಆಸಾಮಿ. ಬಾಡಿಗೆ ಕೇಳಿದಾಗಲೆಲ್ಲ 'ನಾಳೆ' ಅನ್ನುತ್ತಿದ್ದುದರಿಂದ ಯಜಮಾನರೂ ಅವರ ಹೆಂಡತಿಯೂ ತಮ್ಮೊಳಗೆ ಅವನಿಗೆ ನಾಳೆಯಪ್ಪ ಎಂದು ಹೆಸರಿಟ್ಟಿದ್ದರು.

"ಯಜಮಾನ್ರೇ, ಕೀ ಗೊಂಚಲು ಎಲ್ಲೋ ಬಿದ್ದೋಯ್ತು. ಸ್ವಲ್ಪ ಬಾಗಿಲು ತೆಗೆದುಕೊಡ್ಬೇಕಲ್ಲ," ಎಂದ ನಾಳೆಯಪ್ಪ, ಏನೂ ಆಗೇ ಇಲ್ಲವೆಂಬಂತೆ ಹಲ್ಲು ಬಿಟ್ಟು.

"ಎರಡೂ ಕೀ ಹೋಯ್ತಾ?"

"ಎರಡೂ ಒಂದೇ ಗೊಂಚಲಲ್ಲಿತ್ತು."

ಎರಡನೆಯ ಕೀ ನ್ಯಾಯವಾಗಿ ಯಜಮಾನರ ಹತ್ತಿರ ಇರಬೇಕಿತ್ತು. ಆದರೆ ಬಾಡಿಗೆ ಬಾಕಿಗೆ ಕೋರ್ಟಿನಲ್ಲಿ ದಾವೆ ಹಾಕಿಕೊಟ್ಟಿದ್ದ ವಕೀಲರು ಬಿಡಲಿಲ್ಲ. "ಅದನ್ನೂ ಅವನಿಗೇ ಕೊಟ್ಟುಬಿಡಿ. ಆ ಬೀಗಕ್ಕೆ ನೀವು ಕೈ ಹಾಕಿದ್ರೆ ಅವನು ಹೊರಗೆ ಬರಲ್ಲ, ನೀವು ಒಳಗೆ ಹೋಗ್ತೀರಿ," ಎಂದು ಹೆದರಿಸಿದ್ದರು. ನೀರು ನಿಲ್ಲಿಸುವಂತಿಲ್ಲ, ಕರೆಂಟು ತೆಗೆಯುವಂತಿಲ್ಲ, ಗಟ್ಟಿಯಾಗಿ ಬೈಯುವಂತೆಯೂ ಇಲ್ಲ. ಸಾಲ ಮಾಡಿ ಅಂಗಡಿಯ ಮೇಲೆ ಮನೆ ಕಟ್ಟಿಸಿ, ಬಾಡಿಗೆಯಲ್ಲಿ ಸಾಲ ತೀರಿದ ಮೇಲೆ ತಾವು ಹತ್ತಿ ಹೋಗೋಣವೆಂದು ಅಂಗಡಿಯ ಹಿಂದಿನ ಒಂಟಿ ಕೋಣೆಯಲ್ಲಿ ಉಳಿದವರು ಅವರಿಬ್ಬರು. ಈಗ ಕಂತು ಕಟ್ಟಲು ಹೆಂಡತಿಯ ಬಳೆ ಗಿರವಿಗೆ ಹೋಗಿದ್ದವು. ಊರಿಗೆಲ್ಲ ಬೀಗ ತೆಗೆದುಕೊಡುವ ಮನುಷ್ಯ ತನ್ನ ಮನೆಯ ಬೀಗವೊಂದನ್ನು ಮಾತ್ರ ಮುಟ್ಟುವಂತಿರಲಿಲ್ಲ.

"ರೀ, ಒಂದ್ನಿಮಿಷ ಬನ್ನಿ ಇಲ್ಲಿ," ಎಂದು ಪರದೆಯ ಹಿಂದಿನಿಂದ ಹೆಂಡತಿ ಕರೆದಳು. ಒಳಗೆ ಹೋದವರ ತೋಳು ಹಿಡಿದುಕೊಂಡು ಪಿಸುಗುಟ್ಟಿದಳು: "ದೇವರು ಕಣ್ಣು ಬಿಟ್ಟ! ಅವನು ಹೊರಗಿದ್ದಾನೆ, ಅವನ ಸಾಮಾನು ಒಳಗಿದೆ. ಬಾಕಿ ಬಾಡಿಗೆ ಇಡೋ ತನಕ ನೀವು ಬೀಗ ತೆಗೀಬೇಡಿ."

"ವಕೀಲ್ರು ಏನಂತಾರೋ..."

"ಬೀಗಕ್ಕೆ ಕೈ ಹಾಕ್ಬೇಡಿ ಅಂತ ತಾನೇ ಅವ್ರು ಹೇಳಿದ್ದು? ಹಾಕ್ಬೇಡಿ. ಸುಮ್ನೆ ಕೂತಿದ್ದಕ್ಕೆ ಯಾವ ಕೋರ್ಟು ಶಿಕ್ಷೆ ಕೊಡುತ್ತೆ?"

ವಕೀಲರಿಗೆ ಕೊಟ್ಟ ಫೀಸೆಲ್ಲ ದಂಡ ಅನ್ನಿಸಿತು ಯಜಮಾನರಿಗೆ. ಮನೆಯಲ್ಲೇ ಇಂಥ ತಲೆ ಇಟ್ಟುಕೊಂಡು ಊರೆಲ್ಲ ಸುತ್ತಿದ್ದಾಯಿತು. ಎದೆಯುಬ್ಬಿಸಿಕೊಂಡು ಹೊರಗೆ ಬಂದರು.

"ಆಗಲ್ಲ ಸ್ವಾಮಿ. ಬಾಕಿ ಪೂರ್ತಿ ತನ್ನಿ, ಆಮೇಲೆ ಬೀಗ."

ನಾಳೆಯಪ್ಪನ ನಗು ಮೊದಲ ಸಲ ಒಣಗಿತು. ಮೇಲೆ ಮುಚ್ಚಿದ್ದ ಬಾಗಿಲನ್ನು ನೋಡಿದ, ಕೆಳಗೆ ತನ್ನ ಚಪ್ಪಲಿಯನ್ನು ನೋಡಿದ, ಕೈ ಮೆಲ್ಲಗೆ ಜೇಬಿನತ್ತ ಹೋಯಿತು. ಹೆಂಡತಿ ಪರದೆ ಸರಿಸಿ ಇಣುಕಿದಳು. ಆದರೆ ಜೇಬಿಗೆ ಹೋದ ಕೈ ಅಲ್ಲೇ ನಿಂತಿತು.

"ನಿಮ್ಮ ಮೇಲೆ ಬೇಜಾರಿಲ್ಲ ಬಿಡಿ," ಎಂದು ನಿಟ್ಟುಸಿರುಬಿಟ್ಟ. "ಅವನು ಹೇಳಿದ್ದೇ ಸರಿ."

"ಯಾವನು?"

"ಅದೇ, ಬಸ್ ಸ್ಟ್ಯಾಂಡ್ ಹತ್ರ ಕೀ ಮಾಡ್ತಾನಲ್ಲ. ಮೊದ್ಲು ಅವನನ್ನೇ ಕರ್ಕೊಂಡು ಬಂದು ತೋರಿಸ್ದೆ. ಇದು ಮಾಡಿದವನ ಕೈಲೂ ಬಿಚ್ಚಲ್ಲ, ಒಡೆಯೋದೇ ದಾರಿ, ಬೆಳಿಗ್ಗೆ ಸುತ್ತಿಗೆ ತರ್ತೀನಿ ಅಂದ."

ಬಾಗಿಲಿನೊಳಗೇ ಕೂರಿಸಿದ, ಕೀ ತಿರುಗಿಸಿದರೆ ಏಳುವ ಏಳು ಪಟ್ಟಿಗಳ, ಅಂದರೆ ಏಳು ಲಿವರಿನ ಆ ಬೀಗ ಯಜಮಾನರು ದುಡ್ಡು ಕೊಟ್ಟು ತಂದದ್ದಲ್ಲ. ಹೆತ್ತವರು ಮಕ್ಕಳನ್ನು ಸಾಕುವ ಹಾಗೆ, ಒಂದೊಂದು ಲಿವರನ್ನೂ ಕೈಯಾರೆ ಅರದಲ್ಲಿ ಉಜ್ಜಿ, ಹೊಂದಿಸಿ, ಮುದ್ದಾಗಿ ಮಾಡಿದ್ದು. ಬಸ್ ಸ್ಟ್ಯಾಂಡಿನವನೋ, ಮೊನ್ನೆ ಮೊನ್ನೆ ಮಿಷನ್ ತಂದಿಟ್ಟುಕೊಂಡು ಕೀ ಕೊರೆಯುವುದನ್ನು ಕಲಿತ ಅರೆಬೆಂದ ಮಡಕೆ. ಅವನ ಸುತ್ತಿಗೆ ತಮ್ಮ ಬೀಗದ ಮೇಲೆ! ಯಜಮಾನರಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು. ಬಾಕಿ ಮರೆತರು, ಕಂತು ಮರೆತರು. ಪರದೆಯ ಹಿಂದೆ ಹೆಂಡತಿ ಎರಡು ಸಲ ಕೆಮ್ಮಿದ್ದು ಅವರ ಕಿವಿಗೆ ಬೀಳಲೇ ಇಲ್ಲ.

"ಮಾಡಿದವನ ಕೈಲೂ ಬಿಚ್ಚಲ್ವಂತಾ? ನಡೀರಿ ಮೇಲಕ್ಕೆ!" ಎಂದವರೇ ತಂತಿ, ಕಡ್ಡಿ, ಅರಗಳ ಡಬ್ಬಿ ಕಂಕುಳಲ್ಲಿಟ್ಟುಕೊಂಡು ಮೆಟ್ಟಿಲು ಹತ್ತಿದರು.

ಬೀಗಕ್ಕೆ ಕಿವಿಯಿಟ್ಟು ಕಡ್ಡಿ ಆಡಿಸಿದರು. ಲಿವರುಗಳು ಒಂದರ ಹಿಂದೊಂದು, ಕರೆದವರ ಮಾತು ಕೇಳುವ ಮಕ್ಕಳಂತೆ ಎದ್ದವು. ಎಲ್ಲೂ ಒಂದು ಗೀರು ಬೀಳದೆ ಬಾಗಿಲು ತೆರೆದುಕೊಂಡಿತು. ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು. ಆದರೆ ಕೀ ಇಲ್ಲದಿದ್ದರೆ ಇವನು ಮತ್ತೆ ಆ ಬಸ್ ಸ್ಟ್ಯಾಂಡಿನವನ ಹತ್ತಿರವೇ ಹೋಗುತ್ತಾನಲ್ಲ? ಅಲ್ಲೇ ಮೆಟ್ಟಿಲ ಮೇಲೆ ಕೂತು ಹೊಸ ಕೀ ಉಜ್ಜಿದರು. ಬಿಗಿಯಾಗಿದ್ದ ಲಿವರಿಗೆ ಎಣ್ಣೆ ಬಿಟ್ಟರು. ತಿರುಗಿಸಿ ನೋಡಿ, ಬೆಣ್ಣೆಯ ಹಾಗೆ ತಿರುಗಿದ ಮೇಲೆ ನಾಳೆಯಪ್ಪನ ಕೈಗಿಟ್ಟರು.

"ಎಷ್ಟಾಯ್ತು ಯಜಮಾನ್ರೇ?"

ಯಜಮಾನರು ಅಭ್ಯಾಸಬಲದಿಂದ ಕೂಲಿ ಹೇಳಿದರು. ನಾಳೆಯಪ್ಪ ಚೌಕಾಸಿ ಮಾಡದೆ, ಮೇಲಿಷ್ಟು ಸೇರಿಸಿಯೇ ಕೊಟ್ಟ.

"ಇಟ್ಕೊಳ್ಳಿ. ಕೆಲಸ ಮಾಡ್ದೋರ ಕೂಲಿ ಮಾತ್ರ ನಾನು ಯಾವತ್ತೂ ಬಾಕಿ ಇಟ್ಟೋನಲ್ಲ."

"ಮತ್ತೆ... ಬಾಡಿಗೆ?"

"ಅದು ಕೋರ್ಟಲ್ಲಿದೆಯಲ್ಲ, ಯಜಮಾನ್ರೇ. ನಾವಿಬ್ರೂ ಅದರ ಬಗ್ಗೆ ಮಾತಾಡಿದ್ರೆ ಚೆನ್ನಾಗಿರಲ್ಲ," ಎಂದು ಬಹಳ ವಿನಯದಿಂದ ಹೇಳಿ ಒಳಗೆ ಹೋದ.

ಮೆಟ್ಟಿಲ ಬುಡದಲ್ಲಿ ಹೆಂಡತಿ ಕಾಯುತ್ತಿದ್ದಳು. ಗಂಡನ ಕೈಯಲ್ಲಿ ನೋಟು ಕಂಡು ಅವಳ ಮುಖ ಅರಳಿತು.

"ಕೊಟ್ಟನಾ ಬಾಡಿಗೆ?"

"ಬಾಡಿಗೆ ಅಲ್ಲ. ಕೂಲಿ."

ಅವಳು ಬಾಯಿ ತೆರೆಯುವಷ್ಟರಲ್ಲಿ ಮೇಲೆ ನಾಳೆಯಪ್ಪ ಒಳಗಿನಿಂದ ಹೊಸ ಕೀ ತಿರುಗಿಸಿದ. ಏಳು ಲಿವರುಗಳೂ ಒಂದಿಷ್ಟೂ ತಡವರಿಸದೆ ಬಿದ್ದವು. ಯಜಮಾನರು ಬೆರಳೆತ್ತಿ ಹೆಂಡತಿಯನ್ನು ಸುಮ್ಮನಾಗಿಸಿದರು.

"ಕೇಳಿದ್ಯಾ?" ಎಂದರು, ಮುಖವೆಲ್ಲ ಬೆಳಕಾಗಿ. "ಇನ್ನು ಹೊರಗಿಂದ ಯಾರಪ್ಪ ಬಂದ್ರೂ ತೆಗೆಯೋಕಾಗಲ್ಲ."