ಬಾವಿ ಯಾವ ದಿಕ್ಕಿಗೆ

ಸೈಫ್ ಕಾಫಿ ಮುಟ್ಟಿರಲಿಲ್ಲ. ಹೆಣ್ಣು ಕೇಳಲು ಬಂದವನು, ಕೊಡುತ್ತೇವೆಂಬ ಮಾತು ಹೊರಬೀಳುವ ತನಕ ಕುಡಿಯುವಂತಿಲ್ಲ. ಬಟ್ಟಲಿನ ಹಬೆ ಆಗಲೇ ನಿಂತುಹೋಗಿತ್ತು.

ಅಡುಗೆಮನೆಯ ಪರದೆಯ ಹಿಂದೆ ರಂದ್ ಕಿವಿಗೊಟ್ಟು ನಿಂತಿದ್ದಳು. ಪಕ್ಕದಲ್ಲಿ ಅಜ್ಜಿ, ಇದೆಲ್ಲ ತನಗೆ ಸಂಬಂಧವೇ ಇಲ್ಲವೆಂಬಂತೆ ಸೊಪ್ಪು ಬಿಡಿಸುತ್ತಿದ್ದಳು.

ತಾತ ಅಬೂ ಘಾಲಿಬರ ಶರತ್ತು ಜೋರ್ಡಾನಿನ ರಾಜಧಾನಿ ಅಮ್ಮಾನಿನ ಆ ನಿರಾಶ್ರಿತರ ಶಿಬಿರಕ್ಕೆಲ್ಲ ಗೊತ್ತು. ಮೊಮ್ಮಗಳನ್ನು ಕೊಡುವುದು ಪ್ಯಾಲೆಸ್ತೀನಿನವನಿಗೆ, ಅದರಲ್ಲೂ ಯುದ್ಧದಲ್ಲಿ ಕಳೆದುಹೋದ ತಮ್ಮ ಬೈತ್ ಸುಮ್ಮಾಕ್ ಹಳ್ಳಿಯವನಿಗೆ. ಜೋರ್ಡಾನಿನವನ ಮಾತೇ ಬೇಡ. "ಇರೋಕೆ ಜಾಗ ಕೊಟ್ರು, ದೇವರು ಅವರಿಗೆ ಒಳ್ಳೇದು ಮಾಡ್ಲಿ. ಹಾಗಂತ ಹೆಣ್ಣನ್ನೂ ಕೊಡ್ಬೇಕಾ?"

ಶಿಬಿರದ ಫುಟ್‌ಬಾಲ್ ತಂಡ ಜೋರ್ಡಾನಿನವರಿಗೆ ಸೋತ ದಿನ ಅವರು ಊಟ ಬಿಡುತ್ತಿದ್ದರು. ಬಿಡಲಾಗದ ಊಟ ಒಂದೇ, ಕುರಿಮಾಂಸದ ಮನ್ಸಫ್. ಅದಕ್ಕೆ ಹಾಕುವ ಒಣಮೊಸರು ಮಾತ್ರ ಜೋರ್ಡಾನಿನ ಕರಕ್ ಪಟ್ಟಣದಿಂದಲೇ ಬರಬೇಕು.

"ಮೊಸರಿನ ಹತ್ರ ಯಾವ ದೇಶ ಅಂತ ಕೇಳಲ್ವಾ?" ಎಂದು ಅಜ್ಜಿ ಚುಚ್ಚುತ್ತಿದ್ದಳು. ಆಗ ತಾತನಿಗೆ ಕಿವಿ ಕೇಳಿಸುತ್ತಿರಲಿಲ್ಲ.

ತಾತನ ಕಡೆಯ ನೆಂಟರು ಯಾವ ಮದುವೆಗೂ ಬಂದವರಲ್ಲ. ಯುದ್ಧದಲ್ಲಿ ಚದುರಿಹೋದರು ಎಂದಷ್ಟೇ ಮನೆಯವರಿಗೆ ಗೊತ್ತು.

ಸೈಫ್ ಜೋರ್ಡಾನಿನವನು. ರಂದ್ ಅದನ್ನು ಬಚ್ಚಿಟ್ಟಿದ್ದಳು. ಅಜ್ಜಿಯಿಂದ ಹಳ್ಳಿಯ ಕಥೆಗಳನ್ನೆಲ್ಲ ಕೇಳಿ ತಿಳಿದು, ಪರೀಕ್ಷೆಗೆ ಓದಿಸುವಂತೆ ಅವನಿಗೆ ಬಾಯಿಪಾಠ ಮಾಡಿಸಿದ್ದಳು.

"ನಮ್ಮೂರಿನ ಆಲಿವ್ ಗಾಣ ಯಾರದು?" ತಾತ ಕೇಳಿದರು.

"ಊರಿಗೆಲ್ಲ ಸೇರಿದ್ದು, ಹಾಜಿ. ತಿರುಗಿಸೋ ಕತ್ತೆ ಮಾತ್ರ ಊರ ಮುಖ್ಯಸ್ಥರದು."

"ಆ ಕತ್ತೆಗೆ?"

"ಒಂದು ಕಣ್ಣು ಕಾಣ್ತಿರಲಿಲ್ಲ."

ತಾತ ತಲೆದೂಗಿದರು. "ಮಸೀದಿಯಿಂದ ಬಾವಿ ಯಾವ ದಿಕ್ಕಿಗೆ?"

"ಪೂರ್ವಕ್ಕೆ."

ತಾತನ ಬೆರಳಲ್ಲಿ ಜಪಮಣಿ ನಿಂತಿತು. ಇತ್ತ ಸೊಪ್ಪು ಬಿಡಿಸುತ್ತಿದ್ದ ಕೈಯೂ ನಿಂತಿತು.

"ಪಶ್ಚಿಮಕ್ಕೆ" ಎಂದರು ತಾತ. "ಅದನ್ನ ಪೂರ್ವಕ್ಕೆ ಇಡೋಳು ಈ ಲೋಕದಲ್ಲಿ ಒಬ್ಬಳೇ, ನನ್ನ ಹೆಂಡ್ತಿ. ಊರು ಬಿಟ್ಟಾಗ ಅವಳಿಗೆ ನಾಲ್ಕು ವರ್ಷ." ಪರದೆಯತ್ತ ಒಮ್ಮೆ ನೋಡಿದರು. "ನಿಜ ಹೇಳು ಮಗಾ. ಯಾವೂರು ನಿಂದು?"

ಸೈಫ್ ಬಟ್ಟಲನ್ನೇ ನೋಡುತ್ತ ಹೇಳಿದ. "ಕರಕ್."

ರಂದ್ ಕಣ್ಣು ಮುಚ್ಚಿಕೊಂಡಳು. ತಾತ ಎದ್ದು ಬೀದಿ ಬಾಗಿಲಿಗೆ ಹೋದದ್ದು ಕೇಳಿಸಿತು. ಇನ್ನು ಬಾಗಿಲು ತೆಗೆದು, ಹೋಗು ಎನ್ನುವುದೊಂದೇ ಬಾಕಿ.

ಕೇಳಿಸಿದ್ದು ಅಗಳಿ ಹಾಕಿದ ಸದ್ದು.

"ಕಾಫಿ ಕುಡಿ, ಆರಿಹೋಯ್ತು." ತಾತನ ದನಿ ಬೀದಿಗೆ ಕೇಳದಷ್ಟು ತಗ್ಗಿತ್ತು. "ಪಶ್ಚಿಮ ಅಂತ ನನ್ನ ತಿದ್ದಿದ್ದು ಅವಳಪ್ಪ, ನಾನು ಹೆಣ್ಣು ಕೇಳೋಕೆ ಬಂದ ದಿನ. ನನಗೂ ಅವಳು ಪೂರ್ವ ಅಂತಲೇ ಹೇಳಿಕೊಟ್ಟು ಕಳಿಸಿದ್ಲು."

ಮತ್ತೆ ಕೂತು, ಬಟ್ಟಲನ್ನು ಹುಡುಗನತ್ತ ಸರಿಸಿದರು. "ಕರಕ್‌ನಲ್ಲಿ ನಮ್ಮನೆ ಕೋಟೆ ಹಿಂದಿನ ಬೀದೀಲಿತ್ತು. ನಿಮ್ಮದು?"