ಮೊಸಳೆ ದವಡೆಯ ಮಾಣಿಕ್ಯ

ಮೊಸಳೆ ಮತ್ತೆ ಕಚ್ಚಿತು. ಫೋನಿನ ಪರದೆ ಕೆಂಪಾಯಿತು. ಯುವಕ ‘ಛೆ!’ ಎಂದು ಕೆನ್ನೆಗೆ ಕೈಕೊಟ್ಟು ಕೂತ.

ಹಲ್ಲಿನ ಆಸ್ಪತ್ರೆಯ ಆ ಪುಟ್ಟ ಹಜಾರದಲ್ಲಿ ಕೂತಿದ್ದವರು ಇಬ್ಬರೇ. ಅವನು, ಎದುರಿಗೆ ಶಾಲಾ ಬಸ್ಸಿನ ಡ್ರೈವರಮ್ಮ. ಹುಳುಕು ಹಲ್ಲಿನ ನೋವಿಗೆ ಅವಳ ಎಡಗೆನ್ನೆ ಬನ್ನಿನಂತೆ ಊದಿತ್ತು. ಕೀಳಿಸದೆ ವಿಧಿಯಿಲ್ಲ ಎಂದು ಎದೆ ಗಟ್ಟಿಮಾಡಿಕೊಂಡು ಬಂದಿದ್ದಳು. ಅವನನ್ನು ನೋಡಿದ ಮೇಲೆ ನೋವು ಅರ್ಧ ಇಳಿಯಿತು. ತನಗಿಂತ ಹೆಚ್ಚು ಹೆದರಿದವರು ಕಣ್ಣೆದುರಿಗಿದ್ದರೆ ಅದೂ ಒಂದು ಮದ್ದೇ.

ಕೌಂಟರಿನಾಕೆ ತಲೆ ಎತ್ತಿದಳು. ‘ಒಳಗೆ ಎಲ್ಲಾ ರೆಡಿ ಇದೆ. ಇನ್ನೂ ಎಷ್ಟು ಹೊತ್ತು ಇಲ್ಲೇ ಕೂತಿರ್ತೀರಿ?’

‘ಈ ಮಾಣಿಕ್ಯ ಒಂದು ಸಿಕ್ಕಿಬಿಡಲಿ. ಒಳಗೆ ಹೋಗ್ತೀನಿ.’

‘ಸಿಗದೇ ಇದ್ರೆ?’

‘ಮನೆಗೆ ಹೋಗ್ತೀನಿ.’

ಡ್ರೈವರಮ್ಮ ಬಗ್ಗಿ ನೋಡಿದಳು. ಗೊತ್ತಿದ್ದ ಆಟವೇ. ಮಕ್ಕಳನ್ನು ಶಾಲೆಗೆ ಬಿಟ್ಟ ಮೇಲೆ ಖಾಲಿ ಬಸ್ಸಿನಲ್ಲಿ ಕೂತು ಅವಳು ಆಡುತ್ತಿದ್ದುದು ಇದನ್ನೇ. ಮಲಗಿದ ಮೊಸಳೆಯ ದವಡೆಯಲ್ಲಿ ಸಿಕ್ಕಿಕೊಂಡ ಮಾಣಿಕ್ಯ. ಅದನ್ನು ಕಿತ್ತವರು ಅಪರೂಪ. ಅವಳು ಎಂದೋ ಕಿತ್ತಿದ್ದಳು.

‘ಮೊದಲನೇ ಸಲವೇನಪ್ಪಾ?’

‘ಆಟವಾ?’

‘ಅಲ್ಲ, ಹಲ್ಲಿನ ವಿಷಯ.’

‘ಹೂಂ. ಇವತ್ತೇ ಮೊದಲು.’

ಅವಳು ದನಿ ತಗ್ಗಿಸಿದಳು. ‘ದೊಡ್ಡ ಡಾಕ್ಟರು ಇವತ್ತು ಊರಲ್ಲಿಲ್ಲವಂತೆ. ಇನ್ಯಾರೋ ಇದ್ದಾರಂತೆ.’

‘ಅದೇ ನನಗೂ ಭಯ.’

‘ಭಯಪಟ್ರೆ ಕೈ ನಡುಗುತ್ತೆ. ಇಲ್ನೋಡು, ಹಾಗೆಲ್ಲ ಜಗ್ಗಬಾರದು. ಮೆಲ್ಲಗೆ ಆಕಡೆ ಈಕಡೆ ಅಲ್ಲಾಡಿಸು. ಸಡಿಲ ಆದ್ಮೇಲೆ ಎಳಿ. ಮೊಸಳೆ ಗೊರಕೆ ನಿಂತ್ರೆ ನೀನೂ ನಿಲ್ಲಿಸಿಬಿಡು.’

ಅವನು ಉಸಿರು ಬಿಗಿಹಿಡಿದ. ಬೆರಳು ಮೆಲ್ಲಗೆ ಜರುಗಿತು. ಅಲ್ಲಾಡಿಸಿದ. ಕಾದ. ಮತ್ತೆ ಅಲ್ಲಾಡಿಸಿದ. ಮೊಸಳೆ ಮಿಸುಕಲಿಲ್ಲ. ಟಣ್ಣನೆ ಮಾಣಿಕ್ಯ ಕಳಚಿಕೊಂಡು ಅವನ ಚೀಲಕ್ಕೆ ಬಿತ್ತು.

‘ಬಂತು! ಅಮ್ಮಾ, ಬಂತು!’ ಅವನ ಮುಖಕ್ಕೆ ಕಳೆ ಬಂತು.

‘ನೋಡಿದ್ಯಾ? ಇಷ್ಟೇ. ಈಗ ಧೈರ್ಯವಾಗಿ ಹೋಗು. ಕಣ್ಣು ಮುಚ್ಚಿ ತೆಗೆಯೋದ್ರೊಳಗೆ ಎಲ್ಲಾ ಮುಗಿದಿರುತ್ತೆ.’

‘ನೀವಿಲ್ಲದಿದ್ರೆ ಇವತ್ತು ನನ್ನ ಕಥೆ ಮುಗೀತಿತ್ತು,’ ಎಂದವನೇ ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ಡ್ರೈವರಮ್ಮ ಕಿವಿಗೊಟ್ಟು ಕೂತಳು. ಕೂಗಾಟವಿಲ್ಲ, ನರಳಾಟವಿಲ್ಲ. ನಲ್ಲಿಯಿಂದ ನೀರು ಬಿದ್ದ ಸದ್ದು, ಯಾವುದೋ ಸಾಮಾನು ಕಿಣಿಕಿಣಿ ಎಂದದ್ದು, ಅಷ್ಟೇ.

‘ಪರವಾಗಿಲ್ಲ, ಹುಡುಗ ಗಟ್ಟಿಯಾದ,’ ಎಂದಳು ಹೆಮ್ಮೆಯಿಂದ.

‘ಆಗಿದ್ರೆ ನಿಮ್ಮ ಪುಣ್ಯ,’ ಎಂದಳು ಕೌಂಟರಿನಾಕೆ.

ಬಾಗಿಲು ತೆರೆಯಿತು. ಬಿಳಿ ಕೋಟು ತೊಟ್ಟು, ಕೈಗೆ ಗ್ಲೌಸ್ ಎಳೆದುಕೊಳ್ಳುತ್ತ ಅವನೇ ನಿಂತಿದ್ದ. ‘ಬನ್ನಿ ಅಮ್ಮಾ, ನೀವೇ ನನ್ನ ಮೊದಲನೇ ಪೇಷಂಟು.’